ಬಲಗಡೆಯ ಪಟ್ಟಿ

ಅಂಟು ಕಾಯಿಸುವ ಒಲೆಯ ಮೇಲಿನ ಗೋಡೆಗೆ ಸೊಸೆ ಚೀಟಿ ಅಂಟಿಸಿದ ದಿನವೇ ದಾರದತ್ತೆಯ ಮನಸ್ಸಿನಲ್ಲಿ ಕಳ್ಳತನದ ಮೊದಲ ಎಳೆ ಹುಟ್ಟಿತು. ಚೀಟಿಯಲ್ಲಿ ‘ಒಲೆ ಆರಿಸಿ’ ಎಂದು ಬರೆದಿತ್ತು. ಆ ಎರಡು ಪದಗಳಿಗಿಂತ ಹೆಚ್ಚಾಗಿ ಅವಳನ್ನು ಉರಿಸಿದ್ದು ಚೀಟಿಯ ಡೊಂಕು. ಎಡಮೂಲೆ ಮೇಲೆ, ಬಲಮೂಲೆ ಕೆಳಗೆ, ನಡುವೆ ಕಡಲೆಗಾತ್ರದ ಗಾಳಿಗುಳ್ಳೆ. ಐವತ್ತೆರಡು ವರ್ಷ ಪುಸ್ತಕ ಕಟ್ಟಿದ ಹೆಂಗಸಿಗೆ, ಪುಸ್ತಕ ಕಟ್ಟುವ ಮನೆಯಲ್ಲೇ, ಒಂದು ಅಂಗೈಯಗಲದ ಕಾಗದವನ್ನು ನೆಟ್ಟಗೆ ಅಂಟಿಸಲು ಬಾರದವರು ಬುದ್ಧಿ ಹೇಳುತ್ತಿದ್ದರು. ಅವಳು ಅತ್ತಿತ್ತ ನೋಡಿದಳು. ಉಗುರಿನಿಂದ ಚೀಟಿಯನ್ನು ಎಬ್ಬಿಸಿ, ನೆಟ್ಟಗೆ ಅಂಟಿಸಿ, ಹೆಬ್ಬೆರಳಿನಲ್ಲಿ ನೀವಿ ಗುಳ್ಳೆ ಕಳೆದಳು. ಆಮೇಲೆ ತನ್ನನ್ನು ತಾನೇ ಬೈದುಕೊಂಡಳು.

ಮನೆಯವರಿಗೆ ಅವಳು ಅತ್ತೆ, ಗಿರಾಕಿಗಳಿಗೆ ದಾರದಮ್ಮ. ಮುಂದಿನ ದೊಡ್ಡ ಕೋಣೆಯಲ್ಲಿ ಕೆಲಸ, ಹಿಂದಿನ ಮೂರು ಕೋಣೆಗಳಲ್ಲಿ ಸಂಸಾರ. ಅಣ್ಣ ಬದುಕಿರುವ ತನಕ ಅವನು ರಟ್ಟು ಕತ್ತರಿಸಿ ಅಂಟು ಬಳಿಯುತ್ತಿದ್ದ, ಇವಳು ಹೊಲಿಯುತ್ತಿದ್ದಳು. ಮದುವೆಯಾಗದ ತಂಗಿಗೆ ಅಣ್ಣ ಆಸ್ತಿ ಬರೆಯಲಿಲ್ಲ, ಸೂಜಿ ಕೊಟ್ಟ. ಅವಳಿಗೆ ಅದೇ ಸಾಕಾಗಿತ್ತು. ಈಗ ಅಣ್ಣನ ಮಗ ಯಜಮಾನ, ಅವನ ಹೆಂಡತಿಯೇ ಸೊಸೆ. ಒಳ್ಳೆಯವನು. ಒಳ್ಳೆಯವನಾಗಿರುವುದೇ ತೊಂದರೆ, ಕೆಟ್ಟವನಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಕೆಲಸ ಮಾತ್ರ ಅವನಿಗೆ ಅಪ್ಪನ ಹಾಗೆ ಹತ್ತಿರಲಿಲ್ಲ. ಹಾಳೆಗಳ ಒಂದು ಮಡಿಕೆಯನ್ನು ಹಿಂದುಮುಂದಾಗಿಸುವುದು, ಪುಟ ನಲವತ್ತರ ಮುಂದೆ ಪುಟ ಅರವತ್ತನ್ನು ಕೂರಿಸುವುದು ಅವನಿಗೆ ಹುಟ್ಟಿನಿಂದ ಬಂದ ಗುಣ. ಇಪ್ಪತ್ತು ವರ್ಷಗಳಿಂದ ಅವನು ಊಟಕ್ಕೆ ಎದ್ದು ಹೋದ ಹೊತ್ತಿನಲ್ಲಿ ಆ ತಪ್ಪುಗಳನ್ನು ಬಿಚ್ಚಿ, ಸರಿಮಾಡಿ, ಮತ್ತೆ ಹೊಲಿದು, ಏನೂ ಆಗದವಳಂತೆ ಕೂತವಳು ಅತ್ತೆ. ಅವನಿಗೆ ಗೊತ್ತಾಗದಂತೆ ಮಾಡುವುದರಲ್ಲಿ ಅವಳಿಗೊಂದು ಗುಟ್ಟಿನ ಸುಖವಿತ್ತು.

ಮರೆವು ಇರಲಿಲ್ಲವೆಂದಲ್ಲ. ಎಪ್ಪತ್ತೊಂದರ ತಲೆ, ಇಪ್ಪತ್ತೊಂದರ ಹಾಗೆ ಓಡೀತೆ? ಒಂದು ಬೆಳಿಗ್ಗೆ ಯಾರದೋ ಫೋನು ಬಂತೆಂದು ಎದ್ದುಹೋಗಿ ಅಂಟಿನ ಪಾತ್ರೆಯನ್ನು ಸೀಯಿಸಿದಳು. ಅಣ್ಣನ ಮಗನನ್ನು ಎರಡು ಸಲ ಅಣ್ಣನ ಹೆಸರಿನಿಂದ ಕರೆದಳು. ಹದಿನೈದು ವರ್ಷಗಳಿಂದ ಬರುತ್ತಿದ್ದ ಗಿರಾಕಿಯ ಹೆಸರು ಅವರೆದುರೇ ಹೊಳೆಯದೆ, ಸಂಜೆ ಸ್ನಾನಕ್ಕೆ ನಿಂತಾಗ ಹೊಳೆದು, ಸೋಪಿನ ಮುಖದಲ್ಲೇ ಅದನ್ನು ಗಟ್ಟಿಯಾಗಿ ಹೇಳಿಕೊಂಡಳು. ದೊಡ್ಡ ಬೀರುವಿನ ಬೀಗದ ಕೈಯನ್ನು ಎಲ್ಲಿಟ್ಟೆನೆಂದು ಮರೆತಳು, ಅಣ್ಣನ ಮಗ ಇನ್ನೊಂದು ಕೈ ಮಾಡಿಸಬೇಕಾಯಿತು. ಅಷ್ಟೇ. ಆದರೆ ಮನೆಯವರು ಈ ನಾಲ್ಕು ಸಂಗತಿಗಳನ್ನು ಮಣಿಗಳಂತೆ ಪೋಣಿಸಿ ಅವಳ ಕೊರಳಿಗೆ ಹಾಕಿಬಿಟ್ಟರು. ಅಣ್ಣನ ಮಗ ಅವಳ ಕತ್ತರಿ, ಕತ್ತಿ, ಸೂಜಿಪೆಟ್ಟಿಗೆ ಎಲ್ಲವನ್ನೂ ಎತ್ತಿ ತನ್ನ ಮೇಜಿನ ಖಾನೆಗೆ ಸೇರಿಸಿದ. ಕೈಗೆ ಏನೋ ಆದೀತೆಂದು ಹೆದರಿಕೆಯಂತೆ. ಕಿಟಕಿಯ ಬಳಿ ಮೆತ್ತೆಯ ಕುರ್ಚಿ ಹಾಕಿಸಿ, ಧೂಳು ಒರೆಸುವ ಬಟ್ಟೆಯೊಂದನ್ನು ಕೊಟ್ಟ.

ಅಂದಿನಿಂದ ಅವಳು ಆ ಮನೆಯಲ್ಲಿ ವ್ಯಾಕರಣದ ಪ್ರಥಮ ಪುರುಷವಾದಳು, ಬರೀ ‘ಅವರು’. “ಅತ್ತೆ ಊಟ ಮಾಡಿದ್ರಾ?” ಎಂದು ಅವನು ಕೇಳುವುದು ಹೆಂಡತಿಯನ್ನು; ಅತ್ತೆ ಕೂತಿರುವುದು ಇಬ್ಬರ ನಡುವೆ. “ಮಾಡಿದ್ರು” ಎಂದು ಸೊಸೆ ಹೇಳುವುದು ಅವಳ ತಲೆಯ ಮೇಲಿನಿಂದ. ಸೊಸೆಯ ದನಿ ಹತ್ತಿಯಂತೆ ಮೆತ್ತಗಾಗಿತ್ತು. ಆ ಹತ್ತಿಯನ್ನು ಬಾಯಿಗೆ ತುರುಕಿದಂತೆ ಅತ್ತೆಗೆ ಉಸಿರು ಕಟ್ಟುತ್ತಿತ್ತು. ಚೀಟಿಗಳು ಹೆಚ್ಚಿದವು. ‘ಇದು ಬಚ್ಚಲು.’ ‘ಬಾಗಿಲು ಹಾಕಿ.’ ‘ಉಪ್ಪು.’ ಉಪ್ಪಿನ ಡಬ್ಬದ ಮುಂದೆ ನಿಂತು ಅವಳು ಒಂದು ನಿಮಿಷ ಸುಮ್ಮನೆ ನೋಡಿದಳು. ಎಪ್ಪತ್ತೊಂದು ವರ್ಷ ಉಪ್ಪು ತಿಂದ ಮೇಲೆ ಅದರ ಪರಿಚಯ ಮಾಡಿಸುತ್ತಿದ್ದಾರೆ. ಚೀಟಿ ಇಲ್ಲೂ ಡೊಂಕು.

ಎರಡು ಬೀದಿ ಆಚೆ, ಬೂಟು ರಿಪೇರಿ ಅಂಗಡಿಯ ಮೇಲೆ ಒಂದು ಕೋಣೆ ಖಾಲಿಯಿತ್ತು. ಔಷಧಿ ತರುವ ನೆಪದಲ್ಲಿ ಹೋಗಿ ಅವಳು ಅದನ್ನು ನೋಡಿಬಂದಳು. ಒಂದು ಕಿಟಕಿ, ಒಂದು ಒಲೆ, ಮೇಜು ಹಿಡಿಯುವಷ್ಟು ಗೋಡೆ. ಗೋಡೆಗಳ ಮೇಲೆ ಒಂದೂ ಚೀಟಿಯಿಲ್ಲ. ಮನೆಯೊಡತಿ ಬಾಗಿಲು ತೆರೆದು ತೋರಿಸುತ್ತಾ ಹೇಳಿದ ಮಾತು ಅತ್ತೆಯ ಕಿವಿಯಲ್ಲಿ ಉಳಿದುಬಿಟ್ಟಿತು: “ಬೀಗದ ಕೈ ಎರಡಿವೆ. ಎರಡೂ ನಿಮ್ಮ ಹತ್ರಾನೇ ಇರುತ್ತೆ.” ಒಂದು ವರ್ಷದ ಬಾಡಿಗೆ ಮುಂಗಡವಾಗಿ ಬೇಕಂತೆ, ಮುದುಕಿಯರಿಗೆ ತಿಂಗಳ ಲೆಕ್ಕದಲ್ಲಿ ಕೊಡಲು ಅವಳಿಗೆ ಧೈರ್ಯವಿಲ್ಲವಂತೆ. ಅತ್ತೆ ಹಿಂತಿರುಗಿ ಬರುವಷ್ಟರಲ್ಲಿ ಅಣ್ಣನ ಮಗ ಬೀದಿಯಲ್ಲಿ ನಿಂತು ಹೋಗಿಬರುವವರನ್ನೆಲ್ಲ ವಿಚಾರಿಸುತ್ತಿದ್ದ. ಮರುದಿನ ಮುಂಬಾಗಿಲಿಗೆ ಎತ್ತರದಲ್ಲೊಂದು ಚಿಲಕ ಬಂತು.

ಅದೇ ವಾರ ಸೊಸೆ ಆಸ್ಪತ್ರೆಯಿಂದ ಒಂದು ಮಡಿಸಿದ ಕಾಗದ ತಂದಳು. ಮನೆಮಂದಿಯೆಲ್ಲ ಅದನ್ನು ಓದಿ ಮುಖ ಸಣ್ಣದು ಮಾಡಿಕೊಂಡು ಕಪಾಟಿನ ಹಲಗೆಯ ಮೇಲಿಟ್ಟರು. ಅತ್ತೆ ಧೂಳು ಒರೆಸುವ ನೆಪದಲ್ಲಿ ಅದನ್ನು ಬಿಡಿಸಿದಳು. ಅದನ್ನು ಮಡಿಸಿದವರು ತಪ್ಪಾಗಿ ಮಡಿಸಿದ್ದರು. ಎರಡು ಪಟ್ಟಿಗಳಿದ್ದ ಕಾಗದದಲ್ಲಿ ಬಲಗಡೆಯ ಪಟ್ಟಿ ಮಾತ್ರ ಮೇಲೆ ಬಂದು, ಎಡಗಡೆಯದು ಒಳಗೆ ಅವಿತಿತ್ತು. ಎಡಗಡೆಯ ತಲೆಬರಹ ‘ವಯಸ್ಸಿಗೆ ಸಹಜವಾದ ಮರೆವು’. ಹೆಸರು ತಟ್ಟನೆ ಹೊಳೆಯದೆ ಆಮೇಲೆ ನೆನಪಾಗುವುದು. ಕನ್ನಡಕವನ್ನೋ ಬೀಗದ ಕೈಯನ್ನೋ ಎಲ್ಲೋ ಇಟ್ಟು, ಹಿಂದಿನ ಹೆಜ್ಜೆ ಹಿಡಿದು ಹುಡುಕಿಕೊಳ್ಳುವುದು. ಒಮ್ಮೊಮ್ಮೆ ಒಬ್ಬರ ಹೆಸರಿನಲ್ಲಿ ಇನ್ನೊಬ್ಬರನ್ನು ಕರೆಯುವುದು. ಬಲಗಡೆಯ ತಲೆಬರಹ ‘ವೈದ್ಯರಿಗೆ ತಿಳಿಸಬೇಕಾದ ಮರೆವು’. ಬಹುಕಾಲದ ಪರಿಚಿತರು ಯಾರೆಂದೇ ತಿಳಿಯದಿರುವುದು. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು. ವಸ್ತುಗಳನ್ನು ಇಡಬಾರದ ಜಾಗದಲ್ಲಿಟ್ಟು, ಯಾರೋ ಕದ್ದರೆಂದು ದೂರುವುದು. ಗೊತ್ತಿರುವ ಕೆಲಸದ ಕ್ರಮ ತಪ್ಪುವುದು.

ಅವಳು ಕುರ್ಚಿಯಲ್ಲಿ ಕೂತು ತನ್ನ ತಪ್ಪುಗಳನ್ನೆಲ್ಲ ಒಂದೊಂದಾಗಿ ಕರೆದು ಸಾಲಿಗೆ ನಿಲ್ಲಿಸಿದಳು. ಎಲ್ಲವೂ ಎಡಗಡೆಗೇ ಹೋಗಿ ನಿಂತವು. ಆ ಕಾಗದವನ್ನು ಅಣ್ಣನ ಮಗನ ಮುಂದೆ ಬಿಡಿಸಿ ಹಿಡಿದಳು. “ಆಯ್ತು ಅತ್ತೆ, ಆಯ್ತು” ಎಂದು ಅವನು ಅದನ್ನು ಮೊದಲಿನಂತೆಯೇ ಮಡಿಸಿ ಒಳಗಿಟ್ಟು, ಹೆಂಡತಿಗೆ ಕಣ್ಸನ್ನೆ ಮಾಡಿದ. ಕಾಯಿಲೆಯವರು ಕಾಯಿಲೆಯನ್ನು ಒಪ್ಪುವುದಿಲ್ಲವೆಂದು ಅವನಿಗೆ ಯಾರೋ ಹೇಳಿದ್ದರಂತೆ. ಇಲ್ಲವೆಂದರೆ ಇದೆ, ಇದೆಯೆಂದರೂ ಇದೆ. ಅತ್ತೆಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು. ಚಚ್ಚಿಕೊಂಡರೆ ಅದನ್ನೂ ಬಲಗಡೆಯ ಪಟ್ಟಿಗೆ ಸೇರಿಸುತ್ತಾರೆ. ಸರಿ, ನಿಮಗೆ ಬಲಗಡೆಯದೇ ಬೇಕೆಂದರೆ ಬಲಗಡೆಯದನ್ನೇ ಬಡಿಸುತ್ತೇನೆ ಎಂದು ಆ ಹೊತ್ತಿನಲ್ಲಿ ಅವಳು ತೀರ್ಮಾನಿಸಿದಳು.

ಅವಳ ಅಜ್ಜಿ ಒಂದು ಕಥೆ ಹೇಳುತ್ತಿದ್ದಳು. ಒಬ್ಬ ಕಳ್ಳ ಕಿವುಡನ ವೇಷ ಹಾಕಿಕೊಂಡು ದೊಡ್ಡ ಮನೆಯೊಂದರಲ್ಲಿ ಕೆಲಸಕ್ಕೆ ನಿಂತನಂತೆ. ಕಿವುಡನೆಂದು ಮನೆಯವರು ಅವನೆದುರೇ ಒಡವೆ ಎಲ್ಲಿದೆ, ಬೀಗ ಎಲ್ಲಿದೆ ಎಂದೆಲ್ಲ ಮಾತಾಡಿಕೊಂಡರಂತೆ. ಒಂದು ದಿನ ಎಲ್ಲವನ್ನೂ ಗಂಟು ಕಟ್ಟಿ ಹೆಗಲಿಗೇರಿಸಿ ಹಿತ್ತಿಲ ಬಾಗಿಲಿನಿಂದ ಇಳಿದನಂತೆ. ಅಲ್ಲಿಂದ ಮುಂದೆ? ಅಲ್ಲಿ ಅಜ್ಜಿ ಚಪ್ಪಾಳೆ ತಟ್ಟಿ ಏನೋ ಒಂದು ಮಾತು ಹೇಳಿ ನಗುತ್ತಿದ್ದಳು. ಆ ಮಾತು ಅತ್ತೆಯ ನಾಲಿಗೆಯ ತುದಿಗೆ ಬಂದು, ಇಣುಕಿ, ಹಿಂದಕ್ಕೆ ಸರಿಯಿತು. ಎಷ್ಟು ಕರೆದರೂ ಬರಲಿಲ್ಲ. ಇರಲಿ, ಎಡಗಡೆಯ ಪಟ್ಟಿ, ಆಮೇಲೆ ಬರುತ್ತದೆ. ಗಂಟು ಹೊತ್ತವನು ಊರು ದಾಟಿ ಸುಖವಾಗಿದ್ದಿರಬೇಕು.

ಹೀಗಿರುವಾಗ ಹಲ್ಲಿನ ವೈದ್ಯರು ಬಂದರು. ಕೆಲಸದಿಂದ ನಿವೃತ್ತರಾಗಿ, ಹಳೆಯ ಪುಸ್ತಕಗಳನ್ನು ಕೂಡಿಡುವುದೇ ಕಸುಬಾಗಿದ್ದ ಮನುಷ್ಯ. ಎದೆಗವಚಿಕೊಂಡು ತಂದ ಗಂಟನ್ನು ಅವರು ನೇರವಾಗಿ ಅತ್ತೆಯ ಮಡಿಲಲ್ಲೇ ಬಿಚ್ಚಿದರು. ಪತಂಗಗಳ ಪುಸ್ತಕ. ಕೈಯಿಂದ ಬಣ್ಣ ತುಂಬಿದ ನಲವತ್ತೆಂಟು ಚಿತ್ರಗಳು, ರೆಕ್ಕೆಗಳ ಮೇಲೆ ಪುಡಿ ಇನ್ನೂ ಅಂಟಿದೆಯೇನೋ ಎಂಬಂತೆ. ಬೆನ್ನು ಮುರಿದು ದಾರಗಳು ಕೊಳೆತಿದ್ದವು. ವೈದ್ಯರು ಮೊದಲ ಹಾಳೆಗಳನ್ನಷ್ಟೇ ತಿರುವಿ, ಮಗುವಿನಂತೆ ಕಣ್ಣರಳಿಸಿ ಹತ್ತಿರ ಬಾಗಿದರು. “ನೋಡಿ ದಾರದಮ್ಮ, ಇದರೊಳಗೆ ಒಂದು ಮಜಾ ಇದೆ. ನಿಮಗೆ ಬಿಟ್ರೆ ಬೇರೆ ಯಾರಿಗೂ ಅರ್ಥ ಆಗಲ್ಲ.”

ಆ ಗಳಿಗೆಯಲ್ಲಿ ಅತ್ತೆಯ ತಲೆಯೊಳಗೆ ಮೂರು ಎಳೆಗಳು ಬಂದು ಒಂದಾದವು. ಹಳೆಯ ಚಿತ್ರಗಳ ವ್ಯಾಪಾರಿಯೊಬ್ಬ ವರ್ಷಕ್ಕೆರಡು ಸಲ ಬಂದು, ಈ ಪತಂಗದ ಪುಸ್ತಕದ ಒಂದೇ ಒಂದು ಬಿಡಿಹಾಳೆ ಸಿಕ್ಕರೂ ತನಗೇ ಕೊಡಿ, ಒಂದು ವರ್ಷ ಕೂತು ತಿನ್ನುವಷ್ಟು ಕೊಡುತ್ತೇನೆ ಎಂದು ಹೇಳಿಹೋಗುತ್ತಿದ್ದ. ಒಂದು ವರ್ಷ. ಬೂಟಿನ ಅಂಗಡಿಯ ಮೇಲಿನ ಕೋಣೆ. ಎರಡು ಬೀಗದ ಕೈ. ಇನ್ನೊಂದು ಎಳೆ, ಬೀರುವಿನ ಕಳೆದುಹೋದ ಕೈ: ಅದು ಹೋದ ತಿಂಗಳೇ ಅವಳ ಹಳೆಯ ಕೋಟಿನ ಹರಿದ ಜೇಬಿನಿಂದ ಅಸ್ತರಿನೊಳಗೆ ಜಾರಿದ್ದು ನೆನಪಾಗಿ ಸಿಕ್ಕಿತ್ತು; ಸಿಕ್ಕಿತೆಂದು ಹೇಳಿದರೂ ಯಾರೂ ನಂಬುವುದಿಲ್ಲವೆಂದು ಸುಮ್ಮನಿದ್ದಳು. ಮೂರನೆಯ ಎಳೆ, ಮರೆಗುಳಿ ಎಂಬ ಹೆಸರು. ಅದನ್ನು ಆಗಲೇ, ಅಲ್ಲೇ ಬಿಗಿಯಬೇಕಿತ್ತು. ಅವಳು ಹದಿನೈದು ವರ್ಷಗಳಿಂದ ಬರುತ್ತಿದ್ದ ಆ ಗಿರಾಕಿಯ ಮುಖವನ್ನು ಖಾಲಿಗಣ್ಣಿನಿಂದ ನೋಡಿ ಕೇಳಿದಳು: “ನೀವು ಯಾರಪ್ಪಾ?”

ವೈದ್ಯರ ಮುಖ ನಂದಿತು. ಅಣ್ಣನ ಮಗ ಓಡಿಬಂದು ಪುಸ್ತಕವನ್ನು ಅವಳ ಮಡಿಲಿನಿಂದ ಎತ್ತಿಕೊಂಡ. “ಅವರಿಗೆ ಹೇಳಿ ಪ್ರಯೋಜನ ಇಲ್ಲ ಸಾರ್. ಒಳಗೆ ಬನ್ನಿ, ನಂಗೆ ಹೇಳಿ.” ಇಬ್ಬರೂ ಗಾಜಿನ ಬಾಗಿಲಿನಾಚೆ ಹೋದರು. ಬಾಗಿಲು ಮುಚ್ಚಿತು. ವೈದ್ಯರು ಪುಸ್ತಕದ ನಡುಭಾಗ ತೆರೆದು ಬೆರಳಿಟ್ಟು ಏನೋ ಹೇಳುವುದು, ಅಣ್ಣನ ಮಗ ತಲೆಯಾಡಿಸುವುದು ಗಾಜಿನಲ್ಲಿ ಮೂಕಿ ಚಿತ್ರದಂತೆ ಕಂಡಿತು. ಅತ್ತೆ ಅತ್ತ ಗಮನ ಕೊಡಲಿಲ್ಲ. ಮೊದಲ ಪ್ರವೇಶವೇ ಇಷ್ಟು ಚೆನ್ನಾಗಿ ಆದ ಖುಷಿಯಲ್ಲಿ ಅವಳು ಕಿಟಕಿಯ ಸರಳುಗಳನ್ನು ಒಂದೊಂದಾಗಿ ಒರೆಸುತ್ತಿದ್ದಳು.

ಆಮೇಲಿನ ಆರು ವಾರ ಅವಳು ಬಲಗಡೆಯ ಪಟ್ಟಿಯನ್ನು ಪಾಠದಂತೆ ಅಭ್ಯಾಸ ಮಾಡಿದಳು. ಒಂದೇ ಸಲ ಎಲ್ಲವನ್ನೂ ಸುರಿಯಲಿಲ್ಲ. ಅಂಟು ಹೆಚ್ಚಾದರೆ ಹಾಳೆ ಮುದುರುತ್ತದೆ. ಮೊದಲ ವಾರ ಇವತ್ತು ಯಾವ ವಾರವೆಂದು ಊಟದ ಹೊತ್ತಿಗೆ ಮೂರು ಸಲ ಕೇಳಿದಳು. ಎರಡನೇ ವಾರ ಸೊಸೆಯ ಬಳೆಗಳನ್ನು ಅಕ್ಕಿ ಡಬ್ಬದಲ್ಲಿಟ್ಟು, ಯಾರೋ ಕಳ್ಳರು ಬಂದಿದ್ದರೆಂದಳು. ಮೂರನೇ ವಾರ, ಅಣ್ಣ ಇನ್ನೂ ಯಾಕೆ ಬಂದಿಲ್ಲವೆಂದು ಕೇಳಿದಳು. ಸೊಸೆ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ನೀರಿನ ಸದ್ದಿನಡಿ ಅಳು ಕೇಳಿಸುವುದಿಲ್ಲವೆಂದು ಅವಳೆಣಿಕೆ. ಅತ್ತೆಗೆ ಎದೆಯಲ್ಲಿ ಏನೋ ಚುಚ್ಚಿತು. ಅಂಚಿನಿಂದ ಹೊರಬಂದ ಅಂಟನ್ನು ಕೆರೆದುಹಾಕುವಂತೆ ಅದನ್ನು ಕೆರೆದು ಎಸೆದಳು.

ಕಷ್ಟವೇನೆಂದರೆ, ಸುಳ್ಳು ಮರೆವನ್ನು ನೆನಪಿಟ್ಟುಕೊಳ್ಳಲು ನಿಜವಾದ ನೆನಪು ಬೇಕು. ವಾರವನ್ನು ಎರಡು ಸಲ ಕೇಳಿದೆನೋ ಮೂರು ಸಲವೋ ಎಂದು ಅವಳಿಗೇ ಗೊಂದಲ. ಅಣ್ಣನ ಮಗನ ಅಳತೆಪಟ್ಟಿಯನ್ನು ಇಡಬಾರದ ಜಾಗವೊಂದರಲ್ಲಿ ಬಹಳ ಯೋಚಿಸಿ ಇಟ್ಟಳು. ಆ ಜಾಗ ಯಾವುದೆಂದು ನಿಜವಾಗಿಯೇ ಮರೆತಳು. ಮೂರು ದಿನ ಮನೆಯವರ ಜೊತೆ ತಾನೂ ಹುಡುಕಿದಳು. ನಾಲ್ಕನೇ ದಿನ ಹಲ್ಲುಜ್ಜುವಾಗ ನೆನಪಾಯಿತು: ಛತ್ರಿಯೊಳಗೆ. ತನ್ನ ಮೇಲೆಯೇ ಸಿಟ್ಟು ಬಂದು ಅವಳು ಬಾಯಿ ಮುಕ್ಕಳಿಸಿ ಉಗಿದ ರಭಸಕ್ಕೆ ಕನ್ನಡಿ ಒದ್ದೆಯಾಯಿತು.

ಐದನೇ ವಾರ ಮರೆವಿನ ಡಾಕ್ಟರಮ್ಮನ ಬಳಿಗೆ ಕರೆದೊಯ್ದರು. ಚಿಕ್ಕ ವಯಸ್ಸಿನ, ತಾಳ್ಮೆಯ ಹೆಂಗಸು. ಗಡಿಯಾರ ಬರೆಯಿರಿ ಎಂದಳು. ಅತ್ತೆ ಹನ್ನೆರಡು ಅಂಕೆಗಳನ್ನೂ ಬಲಬದಿಗೇ ಗುಡ್ಡೆ ಹಾಕಿದಳು. ಅಷ್ಟು ಸುಲಭ. ಮುಂದಿನದು ಕಷ್ಟವಾಯಿತು. ಡಾಕ್ಟರಮ್ಮ ನಾಲ್ಕು ಚಿತ್ರದ ಕಾರ್ಡುಗಳನ್ನು ಹರಡಿದಳು: ಬೀಜ, ಸಸಿ, ಹೂಬಿಟ್ಟ ಮರ, ಬುಟ್ಟಿಯ ತುಂಬ ಹಣ್ಣು. ಕ್ರಮವಾಗಿ ಜೋಡಿಸಿ ಎಂದಳು. ಅತ್ತೆ ಹಣ್ಣು ಮೊದಲಿಟ್ಟು, ಆಮೇಲೆ ಸಸಿ, ಆಮೇಲೆ ಬೀಜ, ಕೊನೆಗೆ ಮರವನ್ನು ಇಟ್ಟಳು. ಇಟ್ಟು ನೋಡಿದಳು. ಕಣ್ಣಿಗೆ ಮರಳು ಬಿದ್ದಂತಾಯಿತು. ಬಲಗೈ ತಾನಾಗಿ ಮೇಜಿನತ್ತ ಹೊರಟಿತು. ಅದನ್ನು ಎಳೆದು ತೊಡೆಯಡಿ ಹಾಕಿಕೊಂಡು ಕೂತಳು. ಡಾಕ್ಟರಮ್ಮ ಅವಳ ಮುಖವನ್ನು ಕೊಂಚ ಹೆಚ್ಚು ಹೊತ್ತು ನೋಡಿದಳೇನೋ.

ಪರದೆಯಾಚೆ ಡಾಕ್ಟರಮ್ಮ ಅಣ್ಣನ ಮಗನಿಗೆ ಹೇಳುತ್ತಿದ್ದುದು ಕೇಳಿಸಿತು. ಒಂದೇ ಪರೀಕ್ಷೆಯಿಂದ ಏನೂ ಹೇಳಲಾಗದು, ಎಲ್ಲರಿಗೂ ಒಂದೇ ರೀತಿ ಇರುವುದಿಲ್ಲ, ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ ಎಂದಳು. ಇಷ್ಟು ವರ್ಷ ಮಾಡಿದ ಕೆಲಸ ಕೈಯಲ್ಲಿ ಉಳಿದಿರುತ್ತದೆಯೇ ಎಂದು ಅವನು ಕೇಳಿದ. “ಕೈಗೆ ಹತ್ತಿದ ಕೆಲಸ ಬಹಳ ದಿನ ಇರಬಹುದು. ಆದರೆ ಎಲ್ಲೋ ಒಂದು ತಪ್ಪಿದೆ ಅಂತ ಕಂಡುಹಿಡಿದು, ಯಾರೂ ಹೇಳದೆ ತಾವಾಗೇ ಸರಿ ಮಾಡೋದಿದೆಯಲ್ಲ, ಅದು ಬೇರೆ. ಅದೊಂದು ಕಂಡಿದ್ದಿದ್ರೆ ನಾನೂ ಇಷ್ಟು ಚಿಂತೆ ಮಾಡ್ತಿರಲಿಲ್ಲ.”

ವಾಪಸು ಬರುವಾಗ ಬಸ್ಸಿನಲ್ಲಿ ಅವನು, ಚಿಕ್ಕವನಿದ್ದಾಗ ಜಾತ್ರೆಯಂಥ ಜನಜಂಗುಳಿಯಲ್ಲಿ ಮಾಡುತ್ತಿದ್ದಂತೆ ಅವಳ ಚೀಲದ ದಾರವನ್ನು ಬೆರಳಿಗೆ ಸುತ್ತಿಕೊಂಡು ಕೂತಿದ್ದ. ಆ ರಾತ್ರಿ ಅವನು ಊಟ ಮಾಡಲಿಲ್ಲವೆಂದು ಸೊಸೆ ಹೇಳಿದಳು, ಎಂದಿನಂತೆ ಅತ್ತೆಗಲ್ಲ, ಗಾಳಿಗೆ. ಆದರೆ ಅತ್ತೆ ಯೋಚಿಸುತ್ತಿದ್ದುದು ಡಾಕ್ಟರಮ್ಮನ ಮಾತಿನ ಮೊದಲ ಅರ್ಧವನ್ನು. ಕೈ ಕೆಲಸ ಮರೆಯುವುದಿಲ್ಲ. ಹಾಗಿದ್ದರೆ ಅಪಾಯವಿರುವುದು ಕೈಯಲ್ಲೇ. ಪುಸ್ತಕದಲ್ಲಿ ಅವಳ ಹೊಲಿಗೆ ಕಾಣಬಾರದು. ಅಣ್ಣನ ಮಗನ ಹೊಲಿಗೆ ಕಾಣಬೇಕು.

ಇದು ಅವಳ ಯೋಜನೆಯ ಮುಕುಟಮಣಿ. ಅದನ್ನು ನೆನೆದಾಗಲೆಲ್ಲ ಅವಳಿಗೆ ನಗು ಬರುತ್ತಿತ್ತು. ಬಿಗಿಯಾಗಿ ಹೊಲಿಯುವುದು ಎಲ್ಲರೂ ಕಲಿಯುವ ವಿದ್ಯೆ. ಸಡಿಲವಾಗಿ, ಸೋಮಾರಿಯಾಗಿ, ಆರನೇ ಹೊಲಿಗೆಗೊಮ್ಮೆ ದಾರ ಎಳೆಯಲು ಮರೆತು, ಕೊನೆಯ ಗಂಟನ್ನು ಇರಬೇಕಾದ್ದಕ್ಕಿಂತ ಒಂದು ಬೆರಳು ಕೆಳಗೆ ಹಾಕುವುದನ್ನು ಅವಳು ಕೋಟಿನ ಕಾಲರಿನಲ್ಲಿ ಚುಚ್ಚಿಕೊಂಡೇ ಉಳಿದಿದ್ದ ಒಂದು ಸೂಜಿಯಿಂದ ಚಾದರದಡಿ ಹಳೆಯ ಪತ್ರಿಕೆಗಳ ಮೇಲೆ ಎರಡು ವಾರ ಕಲಿತಳು. ಅವನಷ್ಟು ಕೆಟ್ಟದಾಗಿ ಹೊಲಿಯುವುದು ಅವಳು ಬದುಕಿನಲ್ಲಿ ಮಾಡಿದ ಅತ್ಯಂತ ಕಷ್ಟದ ಕೆಲಸ.

ಉಳಿದದ್ದೆಲ್ಲ ನೀರು ಕುಡಿದಷ್ಟು ಸಲೀಸು. ಹಾಳೆಗಳನ್ನು ಎಂಟೆಂಟಾಗಿ ಮಡಚಿ ಮಾಡಿದ ಮಡಿಕೆಗಳನ್ನು ಅವನು ಹೊಲಿದು ಮುಗಿಸಬೇಕು. ಬೆನ್ನಿಗೆ ಅಂಟು ಬಳಿಯುವ ಮೊದಲು ಒಂದು ದಿನ ಬೀರುವಿನಲ್ಲಿ ಭಾರದಡಿ ಇಡಬೇಕು. ಆ ಒಂದು ದಿನ ಅವಳದು. ಹಸಿರು ರೆಕ್ಕೆಯ ರಾಣಿಯಂಥ ಪತಂಗವನ್ನು ಅವಳು ಮುಟ್ಟುವುದಿಲ್ಲ. ಅದನ್ನೇ ಎಲ್ಲರೂ ಮೊದಲು ನೋಡುವುದು. ಅಣ್ಣನ ಮಗ ಹಾಳೆಗಳನ್ನು ಬಿಡಿಸಿ ಹರಡಿದ್ದಾಗ ಧೂಳು ಒರೆಸುತ್ತ ಅವಳು ಎಣಿಸಿಟ್ಟುಕೊಂಡಿದ್ದಳು: ಮೂವತ್ತೊಂದನೆಯದು ಬೂದಿ ಬಣ್ಣದ ಸಣ್ಣ ಬಡಪಾಯಿ. ಪುಟ ತಿರುಗಿಸುವವರ ಕಣ್ಣು ಅದರ ಮೇಲೆ ಕೂರುವುದೇ ಇಲ್ಲ. ಚಿತ್ರಗಳಿಗೆ ಅಂಕೆಯೂ ಇಲ್ಲ. ವೈದ್ಯರು ಎಣಿಸುವುದಾದರೆ ಎಂದೋ ಒಂದು ದಿನ ಎಣಿಸಿಯಾರು. ಆಗ ಎಲ್ಲರ ಕಣ್ಣೂ ಕಿಟಕಿಯ ಕುರ್ಚಿಯತ್ತ ತಿರುಗುತ್ತದೆ, ಅಯ್ಯೋ ಪಾಪ ಎನ್ನುತ್ತಾರೆ, ಅಕ್ಕಿ ಡಬ್ಬ ತಡಕುತ್ತಾರೆ. ಸಿಕ್ಕಿದರೆ ಕಾಯಿಲೆ, ಸಿಗದಿದ್ದರೆ ಕೋಣೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಮರೆಗುಳಿಯನ್ನು ಯಾವ ಪೊಲೀಸು ಹಿಡಿದುಕೊಂಡು ಹೋಗುತ್ತಾನೆ?

ಪುಸ್ತಕ ಭಾರದಡಿ ಇದ್ದ ಆ ದಿನ ಅಂಗಡಿಗೆ ರಜೆ. ಅಣ್ಣನ ಮಗನ ಪುಟ್ಟ ಮಗಳ ಶಾಲೆಯಲ್ಲಿ ನಾಟಕ, ಅವಳಿಗೆ ಮರದ ಪಾತ್ರ. ಅತ್ತೆಗೆ ಗದ್ದಲ ಆಗದೆಂದು ಪಕ್ಕದ ಮನೆಯವರಿಗೆ ಒಂದು ಕಣ್ಣಿಡಲು ಹೇಳಿ, ಮೇಲಿನ ಚಿಲಕವನ್ನು ಹೊರಗಿನಿಂದ ಹಾಕಿಕೊಂಡು ಗಂಡ ಹೆಂಡತಿ ಹೊರಟರು. 'ಮಲಗಿರಿ' ಎಂಬ ಚೀಟಿ ಹೊಸದಾಗಿ ಬಂದಿತ್ತು. ಅತ್ತೆಯ ಕೈಯಲ್ಲಿದ್ದುದು ಎರಡೂವರೆ ಗಂಟೆಯ ಹೊತ್ತು. ಅತ್ತೆ ಕೋಟಿನ ಅಸ್ತರಿನಿಂದ ಬೀಗದ ಕೈ ತೆಗೆದಳು. ಬೀರು ತೆರೆಯಿತು. ಭಾರದ ಕಲ್ಲು ಇಳಿಸಿ, ಪುಸ್ತಕವನ್ನು ಮಧ್ಯಾಹ್ನದ ಬೆಳಕಿಗೆ ತಂದಳು.

ದಾರ ಮೊದಲಿನಿಂದ ಕೊನೆಯವರೆಗೆ ಒಂದೇ. ನಡುವೆ ಕತ್ತರಿಸಿದರೆ ಗಂಟು ಬೀಳುತ್ತದೆ, ಗಂಟು ಮಾತಾಡುತ್ತದೆ. ಆದ್ದರಿಂದ ಪೂರ್ತಿ ಬಿಚ್ಚಿದಳು. ಮೂವತ್ತೊಂದನೇ ಚಿತ್ರವನ್ನು ಮಡಿಕೆಯ ಒಳಗೆ, ಹೊಲಿಗೆಯಡಿ ಹಿಡಿದಿದ್ದ ಕಾಗದದ ಪಟ್ಟಿಗೆ ಒದ್ದೆ ಬಟ್ಟೆ ಸೋಕಿಸಿದಳು. ಬೂದಿ ಪತಂಗ ನಿದ್ದೆಯಲ್ಲಿ ಕೈ ಬಿಟ್ಟಂತೆ ಬಿಡಿಸಿಕೊಂಡು ಬಂತು. ತೆಳುಕಾಗದದಲ್ಲಿ ಸುತ್ತಿ, ಚಪ್ಪಲಿ ಗೂಡಿನ ತಳಕ್ಕೆ ಹಾಸಿದ ಪತ್ರಿಕೆಯಡಿ ಇಟ್ಟಳು. ಮರೆಗುಳಿಯೊಬ್ಬಳು ಇಡಬಹುದಾದ ಜಾಗ. ಗಡಿಯಾರ ನೋಡಿದಳು. ಮಡಿಕೆಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿ, ಮುಂದಿನ ಹೊಲಿಗೆಯ ಲೆಕ್ಕವನ್ನೇ ಮನಸ್ಸಿನಲ್ಲಿ ಹಾಕುತ್ತ, ಅಂಚುಗಳನ್ನು ಮೇಜಿಗೆ ಕುಟ್ಟಿ ಸಮ ಮಾಡಿದಳು. ಏಳು ತಿಂಗಳ ನಂತರ ನಿಜವಾದ ಪುಸ್ತಕ ಸಿಕ್ಕ ಕೈಗಳು ತಮ್ಮ ಪಾಡಿಗೆ ತಾವು ಕೆಲಸಕ್ಕಿಳಿದವು. ತಟ್ಟಿದವು, ಸರಿಸಿದವು, ತಿರುಗಿಸಿದವು, ಮತ್ತೆ ತಟ್ಟಿದವು. ಆಮೇಲೆ ಸೂಜಿ. ಸಡಿಲ, ಸೋಮಾರಿ, ಆರಕ್ಕೊಮ್ಮೆ ಮರೆತ ಎಳೆತ, ಒಂದು ಬೆರಳು ಕೆಳಗೆ ಗಂಟು. ಮುಗಿಸಿ ನೋಡಿದಾಗ ಅವಳಿಗೇ ಅಸಹ್ಯವಾಯಿತು. ಅಷ್ಟು ಚೆನ್ನಾಗಿ ಬಂದಿತ್ತು.

ಹಳೆಯ ದಾರವನ್ನು ಒಲೆಯಲ್ಲಿ ಸುಟ್ಟಳು. ಸುಟ್ಟ ಮೇಲೆ ಒಲೆಯನ್ನು ಹಾಗೆಯೇ ಉರಿಯಲು ಬಿಟ್ಟಳು, ಚೀಟಿಗೂ ಒಂದು ಮರ್ಯಾದೆ ಇರಲಿ ಎಂದು. ಮನೆಯವರು ಬಂದಾಗ ಅವಳು ಚಾದರ ಹೊದ್ದು ಮಲಗಿದ್ದಳು. ಸೊಸೆ ಓಡಿಹೋಗಿ ಒಲೆ ಆರಿಸುವುದು ಕೇಳಿಸಿತು.

ಮರುದಿನ ಅಣ್ಣನ ಮಗ ಬೆನ್ನಿಗೆ ಅಂಟು ಬಳಿದ. ತನ್ನ ಹೊಲಿಗೆಯನ್ನು ತಾನೇ ನೋಡಿ, ಎಂದಿನಂತೆ ಸಣ್ಣದೊಂದು ನಿಟ್ಟುಸಿರು ಬಿಟ್ಟ. ಅತ್ತೆ ಕಿಟಕಿಯ ಗಾಜಿನಲ್ಲಿ ಅದನ್ನು ಕಂಡು ತುಟಿ ಕಚ್ಚಿಕೊಂಡಳು. ರಟ್ಟು ಬಂತು, ಬಟ್ಟೆ ಬಂತು, ಬೆನ್ನಿನ ಮೇಲೆ ಚಿನ್ನದ ಅಕ್ಷರ ಬಂತು. ಅವಳು ಬೂಟಿನ ಅಂಗಡಿಯ ಮೇಲಿನ ಕೋಣೆಯಲ್ಲಿ ಮೇಜನ್ನು ಎಲ್ಲಿ ಹಾಕುವುದೆಂದು ಯೋಚಿಸುತ್ತಿದ್ದಳು. ಕಿಟಕಿಯ ಎಡಕ್ಕೆ. ಬೆಳಕು ಎಡಗಡೆಯಿಂದ ಬಂದರೆ ಸೂಜಿಯ ನೆರಳು ದಾರದ ಮೇಲೆ ಬೀಳುವುದಿಲ್ಲ.

ಹಲ್ಲಿನ ವೈದ್ಯರು ಬಂದ ದಿನ ಸೊಸೆ ಚಹಾ ತಂದಳು. ವೈದ್ಯರು ಅತ್ತೆಗೆ ನಮಸ್ಕರಿಸಿ, ಅವಳು ಗುರುತಿಸಲಿಕ್ಕಿಲ್ಲವೆಂದು ತಾವೇ ಮುಂದೆ ನಡೆದರು. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿಕೊಳ್ಳುವ ಜಾತಿಯಲ್ಲ ಅತ್ತೆ. ಬಟ್ಟೆಯನ್ನು ನಾಲ್ಕಾಗಿ ಮಡಚಿ, ಬಿಡಿಸಿ, ಮತ್ತೆ ಮಡಚುತ್ತಾ ಸರಳುಗಳನ್ನು ಒರೆಸುತ್ತಲೇ ಇದ್ದಳು. ಅಣ್ಣನ ಮಗ ಪುಸ್ತಕವನ್ನು ಮೇಜಿನ ಮೇಲಿಟ್ಟ.

ವೈದ್ಯರು ಹೊಸ ರಟ್ಟನ್ನು ನೋಡಲಿಲ್ಲ, ಚಿನ್ನದ ಅಕ್ಷರವನ್ನೂ ನೋಡಲಿಲ್ಲ, ಹಸಿರು ರಾಣಿಯನ್ನೂ ಹುಡುಕಲಿಲ್ಲ. ನೇರವಾಗಿ ನಡುವಿಗೆ ಹೋಗಿ, ಒಂಬತ್ತನೇ ಮಡಿಕೆಯಲ್ಲಿ ಬೆರಳಿಟ್ಟು ನಿಂತರು. “ಇದು ತಲೆಕೆಳಗಿರಬೇಕಿತ್ತು” ಎಂದರು ಮೆಲ್ಲಗೆ. “ಮೊದಲು ಕಟ್ಟಿದವರು ಮಾಡಿದ ತಪ್ಪು. ಆ ತಪ್ಪಿನಿಂದಲೇ ಇದು ನನ್ನ ಪ್ರತಿ ಅಂತ ಎಲ್ಲರಿಗೂ ಗೊತ್ತು. ಮುಟ್ಟಬೇಡಿ ಅಂತ ಆವತ್ತೇ ಒಳಗೆ ಕರಕೊಂಡು ಹೋಗಿ ಹೇಳಿದ್ನಲ್ಲ.” ತಾನು ತಲೆಕೆಳಗಾಗಿಯೇ ಹೊಲಿದಿದ್ದೆ, ಎರಡೆರಡು ಸಲ ನೋಡಿಕೊಂಡಿದ್ದೆ ಎಂದು ಅಣ್ಣನ ಮಗ ತೊದಲಿದ. ಅವನು ಕಿಟಕಿಯತ್ತ ತಿರುಗಿದ. ಏಳು ತಿಂಗಳಲ್ಲಿ ಮೊದಲ ಸಲ ಅವನು ಅವಳ ತಲೆಯ ಮೇಲಿನಿಂದಲ್ಲ, ಅವಳ ಕಣ್ಣನ್ನು ನೋಡಿದ. ಕುಟ್ಟಿ ಸಮ ಮಾಡುವಾಗ ಬೆರಳುಗಳಿಗೆ ಒಂದು ಮಡಿಕೆ ಉಲ್ಟಾ ತಾಗಿದ್ದು, ಮಗುವಿನ ಅಂಗಿಯ ಕಾಲರು ನೆಟ್ಟಗೆ ಮಾಡುವಂತೆ ಅವು ಅದನ್ನು ತಿರುಗಿಸಿಟ್ಟದ್ದು, ಅದು ತನಗೆ ಅಂದೇ ಮರೆತುಹೋದದ್ದು, ಎಲ್ಲವೂ ಅತ್ತೆಗೆ ಈಗ ನೆನಪಾಯಿತು. “ಅತ್ತೆ, ನೀವೇ ತಾನೇ? ಇಪ್ಪತ್ತು ವರ್ಷದಿಂದ ನನ್ನ ತಪ್ಪು ತಿದ್ದೋ ಕೈ ಯಾವುದು ಅಂತ ನಂಗೆ ಗೊತ್ತಿಲ್ವಾ?” ಅವನು ಕುರ್ಚಿಯ ಬಳಿ ಮಂಡಿಯೂರಿ ಕೂತು ಅವಳ ಎರಡೂ ಕೈಗಳನ್ನು ಹಿಡಿದುಕೊಂಡಿದ್ದ, ಅಳುತ್ತಿದ್ದ, ನಗುತ್ತಲೂ ಇದ್ದ. ತಪ್ಪು ಕಂಡುಹಿಡಿದಿದ್ದಾರೆ, ತಾವಾಗೇ ಸರಿ ಮಾಡಿದ್ದಾರೆ, ಡಾಕ್ಟರಿಗೆ ಈಗಲೇ ಫೋನು ಮಾಡು, ಅತ್ತೆಗೆ ಏನೂ ಆಗಿಲ್ಲ ಎಂದು ಹೆಂಡತಿಗೆ ಹೇಳುತ್ತಿದ್ದ. ಸೊಸೆ ಒಲೆಯ ಮೇಲಿನ ಚೀಟಿಯನ್ನು ಆಗಲೇ ಕೀಳುತ್ತಿದ್ದಳು. ಅವನ ಭುಜದಾಚೆ, ಬಾಯಿ ತೆರೆದ ರೋಗಿಯ ಮುಂದೆ ನಿಂತಂತೆ ಪುಸ್ತಕದ ಮೇಲೆ ಬಾಗಿ, ಬಿಚ್ಚಿ ಹೊಲಿದ ಪುಸ್ತಕದಲ್ಲಿ ಇನ್ನೇನು ಆಚೀಚೆಯಾಗಿದೆಯೋ ಎಂದು ವೈದ್ಯರು ಚಿತ್ರಗಳನ್ನು ಹಲ್ಲುಗಳಂತೆ ಒಂದೊಂದಾಗಿ ಬೆರಳಿನಿಂದ ತಟ್ಟಿ ಎಣಿಸುತ್ತಿದ್ದರು: ಇಪ್ಪತ್ತೆಂಟು, ಇಪ್ಪತ್ತೊಂಬತ್ತು. ಎಡಗಡೆಯ ಪಟ್ಟಿಯಲ್ಲಿ ಬರೆದಿದ್ದಂತೆಯೇ, ಅಜ್ಜಿಯ ಕಥೆಯ ಕೊನೆ ಅತ್ತೆಗೆ ಆಗ ತಾನಾಗಿ ನೆನಪಿಗೆ ಬಂತು. ಹಿಂದಿನ ಸಂಜೆ ಹಿತ್ತಿಲ ಬಾವಿಯ ಕಟ್ಟೆಯನ್ನು ಕೆಡವಿದ್ದರಂತೆ, ಜೋಪಾನ, ಜೋಪಾನ ಎಂದು ಮನೆಮಂದಿಯನ್ನೆಲ್ಲ ಒಬ್ಬೊಬ್ಬರಾಗಿ ಕರೆದು ಹೇಳಿದ್ದರಂತೆ; ಕಳ್ಳ ಗಂಟಿನ ಸಮೇತ ಬಾವಿಗೆ ಬಿದ್ದನಂತೆ. ಕಿವುಡನಿಗೆ ಯಾರು ಹೇಳುತ್ತಾರೆ ಎಂದು ಅಜ್ಜಿ ಚಪ್ಪಾಳೆ ತಟ್ಟುತ್ತಿದ್ದಳು. ಮೂವತ್ತು, ಎಂದರು ವೈದ್ಯರು, ಮತ್ತು ಪುಟ ತಿರುಗಿಸಿದರು.